ಅಕ್ಕನ ಕುತ್ತಿಗೆ, ಅಯೋಡಿನ್ ಗುಳಿಗೆ

ಕಾಲೇಜಿನ ವರ್ಷಗಳನ್ನೆಲ್ಲ ನಾನು ಒಂದೇ ಒಂದು ಗುಳಿಗೆಯ ಮೇಲೆ ಕಳೆದೆ. ಅದನ್ನು ನುಂಗಿದವಳಲ್ಲ, ಕಣ್ಣಿಂದ ಕಂಡವಳೂ ಅಲ್ಲ. ಬರೀ ಅದರ ಬಗ್ಗೆ ಮಾತಾಡಿದೆ, ಅಷ್ಟೇ. ಅಣು ವಿದ್ಯುತ್ ಸ್ಥಾವರಗಳ ಆಸುಪಾಸಿನಲ್ಲಿ ಇರುವ ಜನಕ್ಕಾಗಿ ಅಯೋಡಿನ್ ಗುಳಿಗೆಗಳನ್ನು ತೆಗೆದಿಟ್ಟಿರುತ್ತಾರೆ ಎಂದು ಕಾಲೇಜಿನ ವಾಚನಾಲಯದಲ್ಲಿ ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿದ್ದೆ. ಪುಣೆಯಲ್ಲಿ ಆಗ ವಾದವಿವಾದ ಸ್ಪರ್ಧೆಗಳ ಸುಗ್ಗಿ. ಮರುಭೂಮಿಯಲ್ಲಿ ಅಣು ಪರೀಕ್ಷೆ ನಡೆದ ಮೇಲಂತೂ ಯಾವ ಕಾಲೇಜಿಗೆ ಹೋದರೂ ಒಂದೇ ವಿಷಯ: ಅಣುಶಕ್ತಿ ವರವೋ, ಶಾಪವೋ. ವರ ಎಂಬ ಪಕ್ಷ ಪಾಲಿಗೆ ಬಂದರೆ, "ಬಾರದ ಆಪತ್ತಿಗೂ ಔಷಧ ಸಿದ್ಧವಿಟ್ಟವರನ್ನು ನಂಬದೆ ಇನ್ಯಾರನ್ನು ನಂಬುತ್ತೀರಿ?" ಅನ್ನುತ್ತಿದ್ದೆ. ಶಾಪ ಬಂದರೆ, "ಮಳೆ ಬರುತ್ತದೆಂದು ಗೊತ್ತಿದ್ದವನೇ ಅಲ್ಲವೇ ಕೊಡೆ ಹಂಚುವುದು?" ಅನ್ನುತ್ತಿದ್ದೆ. ಎರಡಕ್ಕೂ ಚಪ್ಪಾಳೆ ಬೀಳುತ್ತಿತ್ತು, ಎರಡಕ್ಕೂ ಬಹುಮಾನದ ಕಪ್ಪು ಸಿಗುತ್ತಿತ್ತು. ಒಂದು ಕಪ್ಪಿನಲ್ಲಿ ಅವ್ವ ಸಾಸಿವೆ ತುಂಬಿದ್ದಳು, ಇನ್ನೊಂದರಲ್ಲಿ ಹುಣಸೆಹಣ್ಣು. ಸತ್ಯ ಯಾವ ಕಡೆ ಇದೆ ಎಂದು ನಾನಂತೂ ತಲೆ ಕೆಡಿಸಿಕೊಂಡಿರಲಿಲ್ಲ. ನಾಣ್ಯ ಮೇಲಕ್ಕೆ ಹಾರಿಸಿ ಪಕ್ಷ ನಿರ್ಧರಿಸುವ ಆಟದಲ್ಲಿ ಅದೊಂದು ಅಧಿಕಪ್ರಸಂಗ.

ನಮ್ಮ ಮನೆ ಸದಾಶಿವ ಪೇಠದಲ್ಲಿ ಹಲವು ಬಾಡಿಗೆದಾರರಿದ್ದ ಒಂದು ಹಳೆ ವಾಡೆಯ ಮೊದಲ ಅಂತಸ್ತಿನಲ್ಲಿತ್ತು. ಅಪ್ಪ ಧಾರವಾಡದಿಂದ ಬಂದು ಒಂದು ಅರಿವೆ ವ್ಯಾಪಾರದ ಪೇಢಿಯಲ್ಲಿ ಕಾರಕೂನನಾದವನು. ಅವ್ವ ಹೊಸ್ತಿಲ ಆಚೆ ಮರಾಠಿ, ಈಚೆ ಕನ್ನಡ, ಸಿಟ್ಟು ಬಂದರೆ ಎರಡೂ. ಅಕ್ಕ ನಮ್ಮ ಓಣಿಯದೇ ಕೋಚಿಂಗ್ ಕ್ಲಾಸಿನಲ್ಲಿ ಹತ್ತನೇ ಇಯತ್ತೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ನಾನು ಮನೆಯ ಬಾಯಿ. ಕಿವಿ ಯಾರೂ ಇರಲಿಲ್ಲ.

ಅಕ್ಕನಿಗೆ ಡಿಗ್ರಿಯ ಕೊನೆಯ ವರ್ಷದಲ್ಲಿ ಕುತ್ತಿಗೆಯ ಮುಂದೆ ಗಂಟು ಎದ್ದಿತು. ಕೆಟ್ಟದ್ದಲ್ಲ, ಆದರೆ ಬೆಳೆಯುತ್ತಿದೆ ಎಂದು ಡಾಕ್ಟರರು ಅಲ್ಲಿನ ಥೈರಾಯ್ಡ್ ಗ್ರಂಥಿಯನ್ನೇ ಪೂರ್ತಿ ತೆಗೆದುಹಾಕಿದರು. ಉಳಿದದ್ದು ಹಾರದ ದಾರ ಒತ್ತಿದಂತೆ ಅಡ್ಡಕ್ಕೊಂದು ಕಲೆ, ಮತ್ತು ಜೀವಮಾನವಿಡೀ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಬೇಕಾದ ಒಂದು ಸಣ್ಣ ಗುಳಿಗೆ. ಅದಲ್ಲದೆ ಅವಳ ದನಿ ಮೇಲಿನ ಸ್ವರಕ್ಕೆ ಹೋದರೆ ಒಡೆಯುತ್ತಿತ್ತು. ಮೊದಲು ಚೆನ್ನಾಗಿ ಹಾಡುತ್ತಿದ್ದವಳು ಹಾಡುವುದನ್ನು ಬಿಟ್ಟಳು. ಇಷ್ಟೇ. ಅವಳಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ತೊಂದರೆಯೆಲ್ಲ ಹೆಣ್ಣು ನೋಡಲು ಬರುವವರಿಗೆ.

ಮೊದಲನೆಯ ಸಂಬಂಧದವರಿಗೆ ಅವ್ವ ಎಲ್ಲ ಮುಂಚೆಯೇ ಹೇಳಿದಳು. ಅವರು ಶಿರಾ ತಿಂದು, ಕೈ ತೊಳೆದು, ಮತ್ತೆ ಸುದ್ದಿಯೇ ಇಲ್ಲದಂತಾದರು. ಎರಡನೆಯವರಿಗೆ ಹೇಳಲಿಲ್ಲ. ಮಾತುಕತೆ ಮುಗಿದ ಮೇಲೆ ಹೇಗೋ ತಿಳಿದು, "ಮೋಸಾ ಮಾಡಿದ್ರಿ" ಎಂದು ಫೋನಿನಲ್ಲಿ ಕೂಗಾಡಿದರು. ಇವೆರಡರಿಂದ ಅವ್ವ ಕಲಿತ ಪಾಠವೆಂದರೆ, ಹೇಳುವುದೂ ತಪ್ಪು, ಹೇಳದಿರುವುದೂ ತಪ್ಪು, ಆದ್ದರಿಂದ ತಡವಾಗಿ ಹೇಳಬೇಕು.

ಮೂರನೆಯ ಸಂಬಂಧ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ. ಬೆಳಗಾವಿ ಕಡೆಯ ಹುಡುಗ, ಎಂಜಿನಿಯರು, ಕಾರವಾರದ ಕಡೆ ಕಾಡಿನ ನಡುವೆ ಇರುವ ಅಣು ಸ್ಥಾವರದಲ್ಲಿ ನೌಕರಿ. ಅಪ್ಪನಿಗೆ 'ಸರಕಾರಿ ಕ್ವಾರ್ಟರ್ಸು' ಎಂಬುದೊಂದೇ ಕೇಳಿಸಿತು. ಅವ್ವನಿಗೆ 'ಅಣು' ಎಂಬುದೊಂದೇ. ಅಕ್ಕ ಮಾತ್ರ ಅಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು: "ಅಲ್ಲೆ ಸಾಲಿ ಅದ ಏನು? ಗಣಿತಕ್ಕ ಯಾರರ ಬೇಕಾಗಿರತಾರ ಏನು?" ಹಿಂದಿನ ಇಬ್ಬರ ಬಗ್ಗೆ ಅವಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನೋಡಲು ಬರುವ ಹಿಂದಿನ ದಿನ ಅವ್ವ ಹೇಳುವ ಮೊದಲೇ ಸೀರೆಗೆ ತಾನೇ ಇಸ್ತ್ರಿ ಹಾಕಿದಳು. ಅದನ್ನು ನೋಡಿದಾಗ, ಈ ಸಲ ಅಕ್ಕನಿಗೆ ಇದು ಬೇಕಾಗಿದೆ ಎಂದು ನನ್ನಂಥವಳಿಗೂ ಹೊಳೆಯಿತು.

"ಅವ್ವಾ, ಈ ಸಲ ಮೊದಲ ಹೇಳಿಬಿಡೂಣು. ನನಗ ಮುಚ್ಚಿಕೊಂಡು ಕೂಡೂದು ಸಾಕಾಗೇದ," ಅಂದಳು ಅಕ್ಕ.

"ಹೇಳೂಣು ಹೇಳೂಣು. ಮೊದಲ ನಿನ್ನ ನೋಡಲಿ. ಮನಸಿಗೆ ಬಂದ ಮ್ಯಾಲೆ ಹೇಳೂಣು."

ಇಲ್ಲಿ ನಾನು ಅಕ್ಕನ ಪರವಾಗಿ ಎದ್ದು ನಿಂತೆ. ಮೂರು ಮುಖ್ಯ ಅಂಶಗಳು, ಒಂದು ಉಪಮೆ, ಎದುರಾಳಿಯ ಪೂರ್ವಪಕ್ಷಕ್ಕೆ ಮುಂಚಿತವಾಗಿಯೇ ಖಂಡನೆ. ಅವ್ವನ ತರ್ಕದಲ್ಲಿರುವ ದೋಷಕ್ಕೆ ಸಂಸ್ಕೃತದ ಹೆಸರನ್ನೂ ಕೊಟ್ಟೆ. ನಾನು ಎಷ್ಟು ಚೆನ್ನಾಗಿ ವಾದಿಸಿದೆನೆಂದರೆ, ಅವ್ವ ಬಿಕ್ಕಿ ಅಳಲು ಶುರುಮಾಡಿದಳು, ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ, ಅಕ್ಕ ಕೈ ಮುಗಿದು, "ಸಾಕವಾ ತಾಯಿ, ಮುಚ್ಚಿಡೂಣು ಬಿಡು," ಅಂದಳು. ನನ್ನ ಕಡೆಯವರೇ ಶರಣಾದ ಮೊದಲ ಪಂದ್ಯ ಅದು.

ಮುಚ್ಚಿಡುವುದಕ್ಕೆ ಉಪಾಯ ಕೊಟ್ಟವಳು ಪಕ್ಕದ ಖೋಲಿಯಲ್ಲಿದ್ದ ಮರಾಠಿ ಕಾಕೂ. ಮರಾಠಿ ಮನೆಯ ಮದುವೆಗಳಲ್ಲಿ ಹೆಂಗಸರು ಕುತ್ತಿಗೆಗೆ ಬಿಗಿಯಾಗಿ ಕಟ್ಟಿಕೊಳ್ಳುವ ಮುತ್ತಿನ ಪಟ್ಟಿ ಇದೆಯಲ್ಲ, ಚಿಂಚಪೇಟಿ, ಅದನ್ನು ತನ್ನ ಪೆಟ್ಟಿಗೆಯಿಂದ ತೆಗೆದು ತಂದಳು. "ಘ್ಯಾ, ಆತಾ ಕಾಹೀ ದಿಸತ ನಾಹೀ," ಅಂದಳು. ಈಗ ಏನೂ ಕಾಣುವುದಿಲ್ಲ ಎಂದು. ನಿಜಕ್ಕೂ ಕಾಣುತ್ತಿರಲಿಲ್ಲ. ಆದರೆ ಅದನ್ನು ಕಟ್ಟಿಕೊಂಡ ಅಕ್ಕ ತಲೆ ತಿರುಗಿಸಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು.

"ನೀ ಕೇಳ ಇಲ್ಲೆ," ಎಂದು ಅವ್ವ ನನ್ನ ಕಡೆ ಸೌಟು ತೋರಿಸಿದಳು. "ನಾಳೆ ಗದ್ದದಿಂದ ಕೆಳಗ, ಎದಿಯಿಂದ ಮ್ಯಾಲೆ, ನಡುವಿಂದು ಯಾವ ಮಾತೂ ನಿನ್ನ ಬಾಯಾಗಿಂದ ಬರಬಾರದು."

"ಅದರ ಬಗ್ಗೆ ನಾ ಯಾಕ ಮಾತಾಡ್ಲಿ?"

"ನೀ ಯಾಕ ಮಾತಾಡತೀ ಅಂತ ಆ ದೇವರಿಗೂ ಗೊತ್ತಿಲ್ಲ."

ಹುಡುಗನ ಜೊತೆ ಅವನ ತಾಯಿ ಮಾತ್ರ ಬಂದಿದ್ದರು. ತಾಯಿ ಅಗಲ ಕುಂಕುಮದ, ಕಣ್ಣು ಚುರುಕಾದ ಹೆಂಗಸು. ಬಂದು ಕೂತವರೇ ಅಕ್ಕನನ್ನು ನೋಡಿ, "ಏನ್ರಿ ವೈನಿ, ಪುಣಾಕ್ಕ ಬಂದು ಪೂರಾ ಮರಾಠ್ಯಾರ ಆಗಿಬಿಟ್ರೆಲಾ! ಚಿಂಚಪೇಟಿ ಗಿಂಚಪೇಟಿ!" ಅಂದರು. ಅವ್ವ ಬೇಕೆಂದೇ, ಹೆಣ್ಣು ನೋಡಲು ಬಂದವರಿಗೆ ಪುಣೆಯವರು ಮಾಡುವ ಕಾಂದೇಪೋಹೆ ಬಿಟ್ಟು, ಧಾರವಾಡದ ಹಚ್ಚಿದ ಅವಲಕ್ಕಿ ಮಾಡಿದ್ದಳು. ತಾನು ಇನ್ನೂ ಆ ಕಡೆಯವಳೇ ಎಂಬುದಕ್ಕೆ ಸಾಕ್ಷಿಯಾಗಿ ತಾಟನ್ನು ಮುಂದಕ್ಕೆ ಸರಿಸಿದಳು. ಹುಡುಗ ತೆಳ್ಳಗೆ, ಎತ್ತರಕ್ಕೆ ಇದ್ದ. ಏನು ಕೇಳಿದರೂ ಉತ್ತರ ಕೊಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಇರುತ್ತಿದ್ದ. ವೇದಿಕೆಯ ಮೇಲೆ ಇಂಥವನು ಸಿಕ್ಕರೆ ಮೊದಲ ಸುತ್ತಿನಲ್ಲೇ ಮುಗಿಸುತ್ತಿದ್ದೆ ಎಂದು ಮನಸ್ಸಿನಲ್ಲೇ ಅಂಕ ಹಾಕಿದೆ.

ಎಲ್ಲ ಸರಿಯಾಗಿಯೇ ನಡೆದಿತ್ತು. ಅಷ್ಟರಲ್ಲಿ ತಾಯಿ ಕೇಳಿದರು: "ಒಂದ ಹಾಡ ಹೇಳವಾ."

ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದು ಇದ್ದದ್ದೇ. ಆದರೆ ಅಕ್ಕನ ದನಿ ಎಲ್ಲಿ ಒಡೆಯುತ್ತದೆಂದು ನಮಗೆಲ್ಲ ಗೊತ್ತು. ಅವ್ವನ ಮುಖ ಬಿಳುಪಾಯಿತು. ಗಡಿಬಿಡಿಯಲ್ಲಿ ಅವಳು ತನ್ನ ಬದುಕಿನ ಅತಿ ದೊಡ್ಡ ತಪ್ಪು ಮಾಡಿದಳು.

"ಆಕಿಗೆ ಸ್ವಲ್ಪ ನೆಗಡಿ ಆಗೇದ್ರಿ. ನಮ್ಮ ಸಣ್ಣಾಕಿ ಅದಾಳಲ್ಲ, ಭಾಳ ಛಲೋ ಭಾಷಣಾ ಮಾಡತಾಳ. ಕಪ್ಪು ಗೆದ್ದಾಳ. ಏನರ ಮಾತಾಡವಾ, ಕೇಳಲಿ."

ಹಾಡಿನ ಬದಲಿಗೆ ಭಾಷಣ! ಇಡೀ ಉತ್ತರ ಕರ್ನಾಟಕದವರ ಇತಿಹಾಸದಲ್ಲಿ ಹೆಣ್ಣು ತೋರಿಸುವ ಕಾರ್ಯಕ್ರಮದಲ್ಲಿ ತಂಗಿಯಿಂದ ಭಾಷಣ ಮಾಡಿಸಿದ ಮನೆ ನಮ್ಮದೊಂದೇ ಇರಬೇಕು. ನಾಚಿಕೊಂಡು ಬೇಡ ಅನ್ನಬಹುದಿತ್ತು. ಆದರೆ ನನ್ನನ್ನು ಮಾತಾಡು ಎಂದು ಈ ಮನೆಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಎದುರಿಗೆ ಕೂತವನೋ ಅಣು ಸ್ಥಾವರದ ಎಂಜಿನಿಯರು. ಸಿದ್ಧವಿರುವ ಭಾಷಣವೂ ಒಂದೇ. ಕೈ ಹಿಂದೆ ಕಟ್ಟಿ ನಿಂತೇಬಿಟ್ಟೆ. 'ಮಾನ್ಯ ಅಧ್ಯಕ್ಷರೇ' ಎಂಬುದು ತುಟಿಯವರೆಗೆ ಬಂದು, ಅಪ್ಪನನ್ನು ಕಂಡು ಒಳಗೆ ಹೋಯಿತು.

"ನಿಮ್ಮ ಸ್ಥಾವರ ಪೂರ್ತಿ ಸುರಕ್ಷಿತ ಅಂತೀರೇನ್ರಿ?" ಎಂದು ಹುಡುಗನನ್ನೇ ಕೇಳಿದೆ.

ಅವನು ತಾಟು ಕೆಳಗಿಟ್ಟ. "ಪೂರ್ತಿ ಅಂತ ಯಾವುದಕ್ಕೂ ಹೇಳಲಿಕ್ಕೆ ಆಗೂದಿಲ್ರಿ. ಭಾಳ ಕಾಳಜಿ ತಗೋತೀವಿ."

"ಹಂಗಾದ್ರ ಅಲ್ಲಿ ಜನಕ್ಕ ಕೊಡಲಿಕ್ಕಂತ ಅಯೋಡಿನ್ ಗುಳಿಗಿ ಇಟ್ಟಾರೋ ಇಲ್ಲೋ?"

"ಇಟ್ಟಾರ್ರಿ."

"ಎಲ್ಲೆ?"

"ದವಾಖಾನಿಯೊಳಗ. ಸುತ್ತಲಿನ ಹಳ್ಳ್ಯಾಗೂ ಕೊಡೋ ವ್ಯವಸ್ಥಾ ಅದ. ಆಗಾಗ ಕವಾಯತೂ ಮಾಡಸ್ತಾರ, ಎಲ್ಲೆ ಸೇರಬೇಕು, ಹೆಂಗ ಹೋಗಬೇಕು ಅಂತ."

ಎದುರಾಳಿ ಹೀಗೆ ಎಲ್ಲವನ್ನೂ ಒಪ್ಪಿಕೊಳ್ಳುತ್ತ ಹೋದರೆ ವಾದಿಯಾದವಳು ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬ್ರಹ್ಮಾಸ್ತ್ರ ತೆಗೆದೆ. "ಮಳಿ ಬರತದಂತ ಗೊತ್ತಿದ್ದವರ ಅಲ್ಲೇನ್ರಿ ಕೊಡಿ ಹಂಚೂದು?"

"ಹೌದ್ರಿ," ಅಂದ ಅವನು. "ಅಲ್ಲೆ ಮಳಿ ಭಾಳ. ಕೊಡೀನೂ ಬೇಕಾಗತಾವ."

ಅಪ್ಪ ಫಕ್ಕನೆ ನಕ್ಕ. ತಾಯಿಯೂ ನಕ್ಕರು. ಅಕ್ಕ ಚಿಂಚಪೇಟಿಯ ಒಳಗಿಂದಲೇ ನಗು ತಡೆಹಿಡಿದಳು. ನಗೆಪಾಟಲಾದ ಭಾಷಣಕಾರರಿಗೆ ಬರುವ ಕೆಟ್ಟ ಹಟವೊಂದು ಇದೆ. ಅದು ನನ್ನ ತಲೆಗೇರಿತು. "ಹಂಗಲ್ಲ. ಆ ಗುಳಿಗಿ ಖರೇನ ಏನು ಮಾಡತದ ಅನ್ನೂದು ಇಲ್ಲೆ ಎಲ್ಲಾರಿಗೂ ಬಿಡಿಸಿ ಹೇಳ್ರಿ, ನೋಡೂಣು!"

ನಂಬಿದರೆ ನಂಬಿ, ಬಿಟ್ಟರೆ ಬಿಡಿ: ಆ ಗುಳಿಗೆಯ ಬಗ್ಗೆ ವರ್ಷಗಟ್ಟಲೆ ಮಾತಾಡಿದ್ದೆನಾದರೂ ಅದು ಮೈಯಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದು ಆ ಕ್ಷಣ ನನ್ನ ನೆನಪಿನಲ್ಲಿ ಇರಲಿಲ್ಲ. ಓದಿದ್ದೆ, ಮರೆತಿದ್ದೆ. ನನ್ನ ಪಾಲಿಗೆ ಅದು ಚಪ್ಪಾಳೆಯ ಗುಳಿಗೆ. ಹುಡುಗ ಎರಡು ಬೆರಳು ಎತ್ತಿ ತನ್ನ ಗಂಟಲ ಮುಂದೆ ಇಟ್ಟುಕೊಂಡಾಗ ಎಲ್ಲ ನೆನಪಾಯಿತು.

"ಇಲ್ಲೆ ಒಂದು ಗ್ರಂಥಿ ಇರತದ್ರಿ. ಥೈರಾಯ್ಡ್ ಅಂತ. ಅದಕ್ಕ ಅಯೋಡಿನ್ ಅಂದ್ರ ಭಾಳ ಹಸಿವು. ಒಳ್ಳೇದು ಯಾವುದು, ಕಿರಣ ಸೂಸೋ ಕೆಟ್ಟದ್ದು ಯಾವುದು ಅಂತ ಅದಕ್ಕ ಗೊತ್ತಾಗೂದಿಲ್ಲ, ಸಿಕ್ಕಿದ್ದ ತಗೋತದ. ಅದಕ್ಕ ಗಾಳಿಯೊಳಗ ಅಂಥಾದ್ದು ಬರೋ ಸಂಭವ ಇದ್ರ, ಹೇಳಿದ ಹೊತ್ತಿಗೆ ಈ ಗುಳಿಗಿ ತಗೋಬೇಕು. ಎಸ್.ಟಿ. ಸ್ಟ್ಯಾಂಡಿನ್ಯಾಗ ಬಸ್ಸು ನಿಲ್ಲೂದರಾಗ ಕಿಟಕ್ಯಾಗಿಂದ ಟಾವೆಲ್ ಒಗದು ಸೀಟ್ ಹಿಡೀತೀವಲ್ರಿ, ಹಂಗ. ಆಮ್ಯಾಲೆ ಬಂದವ್ರಿಗೆ ಜಾಗಾ ಇರೂದಿಲ್ಲ."

"ಮೈಗೆಲ್ಲಾ ರಕ್ಷಣಾ ಏನು?" ಎಂದು ಅಪ್ಪ ಕೇಳಿದ. ಅವನಿಗೆ ಇನ್ನೂ ಏನೂ ಹೊಳೆದಿರಲಿಲ್ಲ.

"ಇಲ್ರಿ. ಇದೊಂದು ಗ್ರಂಥಿಗಷ್ಟ. ಉಳಿದ ಮೈಗೆ ಇದರಿಂದ ಏನೂ ಉಪಯೋಗ ಇಲ್ಲ. ಸುಮ್ಮ ಸುಮ್ಮನ ತಿನ್ನೋ ಗುಳಿಗೀನೂ ಅಲ್ಲ."

ಅವ್ವನ ಕಣ್ಣು ಚಿಂಚಪೇಟಿಯ ಮೇಲೆ ಕೂತಿತ್ತು. ನನ್ನ ಕಣ್ಣೂ ಅಲ್ಲೇ. ಈಗ ಅಪ್ಪನಿಗೂ ಹೊಳೆದು, ಅವನ ಕಣ್ಣೂ ಅಲ್ಲಿಗೇ ಬಂತು. ಮನೆಮಂದಿಯೆಲ್ಲ ಮುತ್ತಿನ ಪಟ್ಟಿಯೊಂದನ್ನು ಹೀಗೆ ನೋಡುತ್ತಿರುವುದನ್ನು ಹುಡುಗನ ತಾಯಿ ನೋಡುತ್ತಿದ್ದರು.

ಆಗ ಅಕ್ಕ ಕೇಳಿದಳು. ಅವಳು ಆ ಹೊತ್ತಿನವರೆಗೆ ಆಡಿದ್ದು ತನ್ನ ಹೆಸರು ಮತ್ತು ಡಿಗ್ರಿ, ಅಷ್ಟೇ.

"ಬಸ್ಸಿನ್ಯಾಗ ಸೀಟ ಇಲ್ಲದಿದ್ರ?"

ಹುಡುಗ ತಿರುಗಿ ನೋಡಿದ. "ಅಂದ್ರ?"

ಅಕ್ಕ ಎರಡೂ ಕೈ ಹಿಂದಕ್ಕೆ ಒಯ್ದು ಗೊಂಡೆಯ ಗಂಟು ಬಿಚ್ಚಿದಳು. ಚಿಂಚಪೇಟಿ ತೆಗೆದು ಅವಲಕ್ಕಿಯ ತಾಟಿನ ಪಕ್ಕ ಇಟ್ಟಳು. ಕುತ್ತಿಗೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದಳು. ಪಾಪ, ಬೆಳಗಿನಿಂದ ಬಿಗಿದಿತ್ತು. "ನನ್ನ ಗ್ರಂಥಿ ತಗದಾರ್ರಿ. ಪೂರ್ತಿ. ಹಂಗಾದ್ರ ನಾ ಆ ಗುಳಿಗಿ ತಗೋಬೇಕೋ ಬ್ಯಾಡೋ?"

ಹುಡುಗ ತನ್ನ ಎಂದಿನ ಮೌನ ತೆಗೆದುಕೊಂಡ. ಆ ಮೌನವನ್ನು ದೌರ್ಬಲ್ಯವೆಂದು ಬಗೆದಿದ್ದೆನಲ್ಲ. ಈಗ ತಿಳಿಯಿತು, ಮಹಾರಾಯ ನಿಜಕ್ಕೂ ಯೋಚನೆ ಮಾಡುತ್ತಿದ್ದ. ಮಾತಿಗೆ ಮುಂಚೆ ಯೋಚಿಸುವವರನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಬ್ಯಾಡ್ರಿ," ಅಂದ. "ಸೀಟ ಇಲ್ಲದ ಮ್ಯಾಲೆ ಟಾವೆಲ್ ಯಾಕ?"

ಅಕ್ಕನ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಆದರೆ ಹುಡುಗನ ತಾಯಿ ನಗಲಿಲ್ಲ. ಎದ್ದು ಬಂದು, ಅಕ್ಕನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಕಲೆಯನ್ನು ನೋಡಿದರು. ಆಮೇಲೆ ಅವ್ವನ ಕಡೆ ನೋಡಿದರು.

"ವೈನಿ, ಮುಚ್ಚಿ ತೋರಸಾಕತ್ತಿದ್ರೇನು ನಮಗ?"

ನ್ಯಾಯವಾದ ಪ್ರಶ್ನೆ. ಮನೆ ಮಂದಿ ಆಪತ್ತಿನಲ್ಲಿರುವಾಗ ಸುಮ್ಮನಿರುವವಳೇ ನಾನು? ಒಂದು ಹೆಜ್ಜೆ ಮುಂದೆ ಬಂದೆ. "ನೋಡ್ರಿ, ಮುಚ್ಚಿಡೂದಕ್ಕೂ ಹೇಳದ ಇರೂದಕ್ಕೂ ತರ್ಕದ ದೃಷ್ಟಿಯಿಂದ ಮೂರು ಮುಖ್ಯ ಭೇದ..."

"ನೀ ಕೂಡು," ಅಂದಳು ಅಕ್ಕ. ದನಿ ಏರಿಸದೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗರಿಗೆ ಹೇಳುವ ದನಿ ಅದು. ನಾನು ಕೂತೆ. ನನ್ನನ್ನು ಹೀಗೆ ಒಂದೇ ಮಾತಿಗೆ ಕೂರಿಸಿದ ನಿರ್ಣಾಯಕರು ಪುಣೆಯಲ್ಲೇ ಇರಲಿಲ್ಲ.

"ಹೌದ್ರಿ, ಮುಚ್ಚಿದ್ವಿ," ಎಂದು ಅಕ್ಕ ತಾಯಿಗೆ ಹೇಳಿದಳು. "ಒಬ್ಬರಿಗೆ ಹೇಳಿದ್ವಿ, ಬಿಟ್ಟು ಹೋದ್ರು. ಒಬ್ಬರಿಗೆ ಹೇಳಲಿಲ್ಲ, ಬೈದ್ರು. ಅವ್ವಗ ಏನು ಮಾಡಬೇಕಂತ ತಿಳೀಲಿಲ್ಲ. ನೆಗಡಿನೂ ಇಲ್ಲ ನನಗ. ಆಪರೇಶನ್ ಆದಮ್ಯಾಲೆ ಮ್ಯಾಲಿನ ಸ್ವರಾ ಹತ್ತೂದಿಲ್ಲ. ದಿನಾ ಮುಂಜಾನೆ ಒಂದ ಗುಳಿಗಿ ತಗೋಬೇಕು, ಸಾಯೂ ತನಕ. ಅದೊಂದು ತಗೊಂಡ್ರ ಎಲ್ಲಾರ ಹಂಗ ಇರತೇನಿ, ಮಕ್ಕಳಿಗೂ ಏನೂ ಅಡ್ಡಿ ಇಲ್ಲ ಅಂತ ಡಾಕ್ಟರು ಹೇಳ್ಯಾರ. ಇನ್ನೇನರ ಕೇಳೂದಿದ್ರ ಈಗ ಕೇಳ್ರಿ."

ತಾಯಿ ಅಕ್ಕನ ಗದ್ದ ಬಿಟ್ಟರು. "ಕೆಳಗಿನ ಸ್ವರಾ ಹತ್ತತದ?" ಎಂದು ಕೇಳಿದರು.

"ಹತ್ತತದ್ರಿ."

"ಹಂಗಾದ್ರ ಜೋಗುಳಕ್ಕ ಅಡ್ಡಿಯಿಲ್ಲ," ಅಂದರು. ಹೇಳಿದ್ದು ತಮಾಷೆಯೋ, ಒಪ್ಪಿಗೆಯೋ, ಚುಚ್ಚುಮಾತೋ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಹಾಗೆಯೇ ಚಹಾ ಕುಡಿದು, "ಊರಿಗೆ ಹೋಗಿ ವಿಚಾರ ಮಾಡಿ ತಿಳಸ್ತೀವಿ," ಎಂದು ಹೊರಟುಹೋದರು. ಆ ಮಾತಿನ ಅರ್ಥ ಮಾತ್ರ ನಮಗೆಲ್ಲ ಚೆನ್ನಾಗಿ ಗೊತ್ತಿತ್ತು.

ಅವರು ಮೆಟ್ಟಿಲಿಳಿದದ್ದೇ ಅವ್ವ ನನ್ನ ಕಡೆ ತಿರುಗಿದಳು. "ಜಗತ್ತಿನ್ಯಾಗ ಮಾತಾಡಲಿಕ್ಕೆ ಎಷ್ಟೋ ವಿಷಯ ಅದಾವ. ನಿನಗ ಆ ಗುಳಿಗಿನ ಬೇಕಿತ್ತು?"

"ಮಾತಾಡು ಅಂದಾಕಿ ನೀನ ಅಲ್ಲಾ?" ಅಂದೆ. ತರ್ಕಶುದ್ಧವಾಗಿತ್ತು. ಅದಕ್ಕೆ ಪ್ರತಿಫಲವಾಗಿ ಅವ್ವ ಆ ವಾರವಿಡೀ ನನ್ನ ಜೊತೆ ಮಾತಾಡಲಿಲ್ಲ. ಅಕ್ಕ ಮಾಮೂಲಿನಂತೆ ಕ್ಲಾಸಿಗೆ ಹೋಗಿ ಬಂದಳು. ಫೋನು ರಿಂಗಾದಾಗಲೆಲ್ಲ ತಾನು ಎತ್ತಲಿಲ್ಲ, ಆದರೆ ಆ ಹೊತ್ತಿಗೆ ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸುತ್ತಿದ್ದಳು. ನಾನು ಮನಸ್ಸಿನಲ್ಲೇ ನನ್ನ ಪರವಾಗಿಯೂ ವಿರುದ್ಧವಾಗಿಯೂ ವಾದಿಸಿಕೊಂಡೆ. ಈ ಸಲ ಎರಡೂ ಪಕ್ಷಗಳು ಸೋತವು.

ಫೋನು ಬಂದದ್ದು ಒಂದು ಸಂಜೆ. ಅಪ್ಪ ಎತ್ತಿದ. "ಹಾಂ, ನಮಸ್ಕಾರ್ರಿ," ಎಂದವನು ಮುಖ ಒಂಥರಾ ಮಾಡಿಕೊಂಡು ರಿಸೀವರನ್ನು ಅಕ್ಕನ ಕಡೆ ಚಾಚಿದ. "ಹುಡುಗಾ. ನಿನ್ನ ಜೋಡಿನ ಮಾತಾಡಬೇಕಂತ."

ನಮ್ಮ ಮನೆಯಲ್ಲಿ ಫೋನು ಪಡಸಾಲೆಯ ನಡುವೆಯೇ ಇತ್ತು, ಗುಟ್ಟಿಗೆ ಜಾಗವಿರಲಿಲ್ಲ. ನಾವು ಮೂವರೂ ಬಹಳ ಕೆಲಸ ಇದ್ದವರಂತೆ ಅಲ್ಲೇ ಸುಳಿದಾಡಿದೆವು. ಕೇಳಿಸಿದ್ದು ಅಕ್ಕನ ಅರ್ಧ ಮಾತ್ರ. "ಹೂಂ... ಹೂಂ... ಬರೇ ಹೊಟ್ಟಿಲೆ... ಇಲ್ರಿ, ಒಂದ ದಿನಾನೂ ತಪ್ಪಿಸೂಹಂಗಿಲ್ಲ... ಡಾಕ್ಟರ ಚೀಟಿ ಅದ... ಹೌದೇನ್ರಿ?" ಆಮೇಲೆ ಬಹಳ ಹೊತ್ತು ಆ ಕಡೆಯಿಂದ ಏನೂ ಇಲ್ಲ. ಅಕ್ಕ ಸುಮ್ಮನೆ ಕಾದಳು. ಅವನು ಯೋಚಿಸುತ್ತಿದ್ದಾನೆಂದು ಅವಳಿಗೆ ಆಗಲೇ ಗೊತ್ತಾಗಿತ್ತು ಅಂತ ಕಾಣುತ್ತದೆ. ಕೊನೆಗೆ ಏನೋ ಬಂತು. ಅಕ್ಕ ನೆಲ ನೋಡುತ್ತ, "ಆತ್ರಿ, ನಾಳೆ ಫೋನ್ ಮಾಡತೇನಿ," ಎಂದು ಇಟ್ಟಳು.

"ಏನಂದಾ?" ಅವ್ವ.

"ನನ್ನ ಗುಳಿಗಿ ಅಲ್ಲಿ ದವಾಖಾನಿಯೊಳಗ ಇರೂದಿಲ್ಲಂತ. ವಿಚಾರ್ಸಿದ್ರಂತ."

ಅವ್ವ ಗೋಡೆಗೆ ಒರಗಿ ಕೂತಳು. "ಅಂದ್ರ ಮುಗೀತು ಅನ್ನು."

"ಕಾರವಾರದಾಗ ಸಿಗತಾವಂತ. ಅಂಗಡಿಗೂ ಹೋಗಿ ಬಂದಾರ. ಪ್ರತಿ ತಿಂಗಳಾ ಅಲ್ಲಿಂದ ತಂದ್ರ ಆಗತದೇನು, ಬ್ಯಾಸಗ್ಯಾಗ ಕೆಡತಾವೇನು ಅಂತ ಕೇಳಿದ್ರು."

ಅಪ್ಪ ಅವ್ವನನ್ನು ನೋಡಿದ, ಅವ್ವ ಅಪ್ಪನನ್ನು ನೋಡಿದಳು. ಇಬ್ಬರಿಗೂ ಇದು ಬಗೆಹರಿಯಲಿಲ್ಲ. ಕೊನೆಗೆ ಅವ್ವ, ವಾರದಿಂದ ಮಾತು ಬಿಟ್ಟಿದ್ದವಳು, ನನ್ನ ಕಡೆ ತಿರುಗಿದಳು. "ಏ, ನೀ ಶಾಣ್ಯಾಕಿ. ಹೇಳು. ಇದು ಹೌದೋ ಅಲ್ಲೋ?"

ನಾನು ಒಂದು ಕ್ಷಣ ಸುಮ್ಮನಿದ್ದು, ಹೊಸದಾಗಿ ಕಲಿತ ವಿದ್ಯೆ ಅದು, ಆಮೇಲೆ ನನ್ನ ಬದುಕಿನ ಅತಿ ಚಿಕ್ಕ ಭಾಷಣ ಮಾಡಿದೆ. "ಹೌದು."

"ಅವರ ಕಡಿಂದ ಹೌದು," ಎಂದು ಅಕ್ಕ ತಿದ್ದಿದಳು. ಕ್ಲಾಸಿಗೆ ಹೊತ್ತಾಗಿತ್ತು, ಮೊಳೆಯಿಂದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು. "ನಂದು ನಾಳೆ ಹೇಳತೇನಿ ಅಂದೇನಿ."

"ಯಾಕ? ಈಗ ಹೇಳಿದ್ರ ಏನಾಗತಿತ್ತು?" ಎಂದು ಅವ್ವ ಚೀರಿದಳು.

"ಪ್ರತಿ ಸಲಾನೂ ನಾನ ಕಾದೇನಿ," ಅಂದಳು ಅಕ್ಕ, ಚಪ್ಪಲಿ ಮೆಟ್ಟುತ್ತ. "ಒಂದ ರಾತ್ರಿ ಅವರೂ ಕಾಯಲಿ."